ನಡುಗಡ್ಡೆಯಲ್ಲಿ ನನ್ನ ಚುನಾವಣಾ ಪ್ರಚಾರ

ಒಮ್ಮೆ ನಾನು ವಿಧಾನಸಭಾ ಚುನಾವಣೆಗೆ ಪಕ್ಷೇತರನಾಗಿ ನಿಂತಿದ್ದೆ. ಮಳವಳ್ಳಿಯ ಡ್ರಾಯಿಂಗ್ ಮೇಷ್ಟ್ರು ರಿಟೈರಾದ ಮೇಲೆ ಶಾಸಕನಾಗಬಾರದೆಂದು ಸಂವಿಧಾನದಲ್ಲಿ ಎಲ್ಲೂ ಬರೆದಿಲ್ಲ! ಗೆಲ್ಲುವುದು ಕಷ್ಟ, ಒಪ್ಪುತ್ತೇನೆ. ಆದರೆ ಕಾವೇರಿಯ ನಡುವಿನ ಆ ಪುಟ್ಟ ನಡುಗಡ್ಡೆಯ ಓಟುಗಳಂತೂ ನನ್ನವೇ. ಅದು ನನ್ನ ಹೆಂಡತಿ ಸಾಕಮ್ಮನ ತವರು. ಅಲ್ಲಿರುವವರೆಲ್ಲ ನನಗೆ ಅತ್ತೆ, ಮಾವ, ಭಾವಮೈದ, ನಾದಿನಿ!

ನನ್ನ ಚಿಹ್ನೆ ದೋಣಿ. ಆದಕಾರಣ ಅಭ್ಯರ್ಥಿಯು ದೋಣಿಯಲ್ಲಿ ನಿಂತುಕೊಂಡೇ ಪ್ರವೇಶಿಸತಕ್ಕದ್ದು ಎಂದು ತೀರ್ಮಾನಿಸಿದೆ.

“ಕೂತ್ಕಳಿ ಸಾ, ಮಗುಚ್ಕತದೆ,” ಎಂದ ಅಂಬಿಗ.

“ಕೂತರೆ ಜನಕ್ಕೆ ಕಾಣಿಸಲ್ಲಪ್ಪ,” ಎಂದೆ.

ದಡದಲ್ಲಿ ಜನ ಕಂಡದ್ದೇ ಎರಡೂ ಕೈ ಎತ್ತಿದೆ. ದೋಣಿ ಮಗುಚಿತು.

“ಅಯ್ಯಯ್ಯೋ, ಕಾಪಾಡ್ರಪ್ಪೋ!” ಎಂದು ಕೂಗುತ್ತಾ ಒಂದಷ್ಟು ಕಾವೇರಿ ಕುಡಿದೆ. ಬಟ್ಟೆ ಒಗೆಯುತ್ತಿದ್ದ ನನ್ನ ಅತ್ತೆ ತಲೆಯೆತ್ತಿ, “ಎದ್ ನಿಂತ್ಕಳಿ ಅಳಿಯಂದ್ರೇ, ಮಂಡಿಯುದ್ದ ನೀರು!” ಎಂದರು.

ಎದ್ದು ನಿಂತೆ. ನಿಜ.

ತೊಟ್ಟಿಕ್ಕುವ ಬಟ್ಟೆಯಲ್ಲಿ ಭಾಷಣ ಮಾಡುವುದು ಭಾವಿ ಶಾಸಕನಿಗೆ ಶೋಭೆಯಲ್ಲ. ಅತ್ತೆಮನೆಯ ಕತ್ತಲೆ ಕೋಣೆಗೆ ನುಗ್ಗಿ, ಹಗ್ಗದ ಮೇಲಿದ್ದ ಭಾವಮೈದನ ಬಿಳಿ ಟೀಶರ್ಟು ತೊಟ್ಟು ಬಂದೆ. ಅರಳಿಕಟ್ಟೆ ಹತ್ತಿ, ನದಿಯ ಕಡೆ ತಿರುಗಿ ಕೈ ತೋರಿಸಿ, “ಇಲ್ಲಿಂದ ಅಲ್ಲಿಗೆ ಸೇತುವೆ ಕಟ್ಟಿಸುತ್ತೇನೆ!” ಎಂದು ಗುಡುಗಿದೆ. ಜನ ಬಿದ್ದು ಬಿದ್ದು ನಕ್ಕರು, ಶಿಳ್ಳೆ ಹೊಡೆದರು. ಹುರುಪೇರಿ ಮತ್ತೆ ಮತ್ತೆ ನದಿಯ ಕಡೆ ತಿರುಗಿದೆ. ಮೊಬೈಲು ಇದ್ದವರೆಲ್ಲ ಫೋಟೋ ತೆಗೆದುಕೊಂಡರು. ಜನಪ್ರಿಯತೆ ಎಂದರೆ ಇದು!

ಭಾಷಣ ಮುಗಿಯುವುದರೊಳಗೆ ಭಾವಮೈದನ ಮೊಬೈಲಿಗೆ ಮಳವಳ್ಳಿಯಿಂದ ಸಾಕಮ್ಮನ ಫೋನು; ನನ್ನದು ನೀರು ಕುಡಿದಿತ್ತು.

“ಅಲ್ಲಾ ಕಣ್ರೀ, ಯಾವಾಗ ಆ ಪಾರ್ಟಿ ಸೇರ್ಕಂಡ್ರಿ? ನಂಗೊಂದ್ ಮಾತು ಏಳ್ಬಾರ್ದಾ?”

“ಯಾವ ಪಾರ್ಟಿ?”

“ನಿಮ್ ಬೆನ್ ನೋಡ್ಕಳಿ! ವಾಟ್ಸಾಪಲ್ಲಿ ಊರೆಲ್ಲಾ ನೋಡ್ತಾ ಅವ್ರೆ.”

ತನ್ನ ಬೆನ್ನು ತಾನೇ ನೋಡಿಕೊಳ್ಳುವ ವಿದ್ಯೆ ನನಗೆ ಬಾರದು. ಟೀಶರ್ಟು ಬಿಚ್ಚಿ ನೋಡಿದೆ. ಬೆನ್ನಗಲಕ್ಕೂ ನನ್ನ ಎದುರಾಳಿಯ ನಗುಮುಖ! ಕೆಳಗೆ ದಪ್ಪಕ್ಷರದಲ್ಲಿ, ‘ನಮ್ಮ ಓಟು ಇವರಿಗೇ.’

ಬರಿಮೈಯಲ್ಲೇ ಮನೆಮನೆಗೂ ಹೋಗಿ ಸ್ಪಷ್ಟೀಕರಣ ಕೊಟ್ಟೆ. “ಆಯ್ತು ಬುಡಿ, ನಮ್ಗೆ ಗೊತ್ತಾಯ್ತದೆ,” ಎಂದು ಎಲ್ಲರೂ ಕಾಫಿ ಕೊಟ್ಟು ಕಳಿಸಿದರು.

ಮಂಡ್ಯದಲ್ಲಿ ಎಣಿಕೆಯಾಯಿತು. ನಡುಗಡ್ಡೆಯ ಓಟು ಹೆಚ್ಚುಕಡಿಮೆ ಪೂರ್ತಿ ಎದುರಾಳಿಗೇ! ಎದೆ ಒಡೆದುಹೋಯಿತು. ನೇರ ಅತ್ತೆಗೇ ಫೋನು ಮಾಡಿದೆ.

“ನೀವೇ ಅವ್ರ್ ಫೋಟೋ ಒತ್ಕಂಡು ಬಂದು ಏಳುದ್ರಲ್ಲ ಅಳಿಯಂದ್ರೇ!” ಎಂದರು ಅತ್ತೆ. “ಆಮೇಲೆ ಅಲ್ಲ ಅಂದದ್ದು ನಾಚ್ಕೆಗೆ ಅಂತ ತಿಳ್ಕಂಡೋ. ಮನೆ ಅಳಿಯನ್ ಮಾತ್ನ ತೆಗ್ದಾಕಕ್ಕಾಯ್ತದಾ?”

ಮೊನ್ನೆ ಮದ್ದೂರಿನ ಒಂದು ಮದುವೆಯಲ್ಲಿ ಆ ಗೆದ್ದ ಮನುಷ್ಯ ಎದುರಾದರು. ಹೆಗಲ ಮೇಲೆ ಕೈಹಾಕಿ, “ಮೇಷ್ಟ್ರೇ, ಮುಂದ್ಲ ಸಲಾನೂ ನೀವು ನಿಂತ್ಕಳ್ಳೇಬೇಕು, ನಮ್ಗೆ ಒಳ್ಳೇದಾಯ್ತದೆ,” ಎಂದರು. ಸಾಕಮ್ಮ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಳು.

ನಾನು? ಕೈಮುಗಿದು, “ಥ್ಯಾಂಕ್ಸ್ ಸಾರ್,” ಎಂದುಬಿಟ್ಟೆ!