ಹಳ್ಳದ ದಂಡೆಯ ಹಲಗೆಯಲ್ಲಿ ನೆಲೆಸಿರುವ ಸಾಲ್ಮನ್ ಮೀನಿನವರ ಸನ್ನಿಧಾನಕ್ಕೆ

॥ ಹಳ್ಳದ ಮಲ್ಲೇಶ್ವರಸ್ವಾಮಿ ಪ್ರಸನ್ನ ॥

ಸ್ವಸ್ತಿ. ವಿಶ್ವಾವಸು ನಾಮ ಸಂವತ್ಸರದ ಉತ್ತರಾಯಣ, ವಸಂತ ಋತು, ವೈಶಾಖ ಶುದ್ಧ ಪೌರ್ಣಮಿ, ಸೋಮವಾರದ ಪುಣ್ಯದಿನದಂದು, ಹಂದನಕೆರೆ ಸೀಮೆಯ ನಮ್ಮೂರ ಹಳ್ಳದ ದಂಡೆಯಲ್ಲಿ ನೆಟ್ಟಿರುವ ತಗಡಿನ ಹಲಗೆಯ ಮೇಲೆ, ಬೆನ್ನು ಬಾಗಿಸಿ ಬಾಯಿ ತೆರೆದು, ನೆಗೆದ ಭಂಗಿಯಲ್ಲೇ ನಿರಂತರವಾಗಿ ವಿರಾಜಮಾನರಾಗಿರುವ ಶ್ರೀಮಾನ್ ಸಾಲ್ಮನ್ ಮೀನಿನವರಿಗೆ, ಸ್ವಾಮಿಯ ಅರ್ಚಕ ಮನೆತನದ ತೋಂಟದಾರ್ಯನು ಮಾಡುವ ಶರಣು ಶರಣಾರ್ಥಿಗಳು.

ಮಾನ್ಯರೇ,

ಮೀನನ್ನು ಅಡುಗೆಮನೆಯ ಹತ್ತಿರ ಸುಳಿಯಗೊಡದ ಮನೆತನ ನಮ್ಮದಾದ್ದರಿಂದ ತಮ್ಮೊಡನೆ ನನಗೆ ಪೂರ್ವಪರಿಚಯವಿಲ್ಲ. ಆದರೂ ತಮ್ಮ ಚಿತ್ರದ ಕೆಳಗೆ ಬರೆಸಿರುವ ಚರಿತ್ರೆಯನ್ನು ಕನ್ನಡಕ ಒರೆಸಿಕೊಂಡು ಓದಿದೆ. ಶೀತದೇಶದ ನದಿಯಲ್ಲಿ ಹುಟ್ಟಿ, ಸಮುದ್ರವನ್ನೆಲ್ಲ ಸುತ್ತಿ, ಕೊನೆಗಾಲಕ್ಕೆ ಹುಟ್ಟಿದ ನೀರನ್ನೇ ಹುಡುಕಿಕೊಂಡು ಜಲಪಾತಗಳನ್ನು ಹಾರಿ ಬಂದು, ಮೊಟ್ಟೆಯಿಟ್ಟು ಅಲ್ಲಿಯೇ ದೇಹ ಬಿಡುವ ತಮ್ಮ ನಿಷ್ಠೆಯನ್ನು ತಿಳಿದು ಮನಸ್ಸು ತುಂಬಿ ಬಂತು. ಇಂಥ ಮಹನೀಯರು, ಬೇಸಿಗೆಯಲ್ಲಿ ಮೊಣಕಾಲುದ್ದವೂ ನಿಲ್ಲದ ನಮ್ಮ ಹಳ್ಳಕ್ಕೆ ಯಾವ ಜನ್ಮದ ಋಣದಿಂದ ದಯಮಾಡಿಸಿದಿರೋ ಎಂಬುದೊಂದೇ ಇನ್ನೂ ಬಗೆಹರಿದಿಲ್ಲ.

ತಮ್ಮನ್ನು ಕರೆತಂದವರು ನಗರದ ಒಂದು ಪ್ರತಿಷ್ಠಾನದವರು. ಬತ್ತುತ್ತಿರುವ ಹಳ್ಳದಲ್ಲಿ ಮೀನಿನ ನೆಲೆಯನ್ನು ಮತ್ತೆ ಕಟ್ಟುತ್ತೇವೆ, ದಂಡೆಗೆ ಈ ನೆಲದ್ದೇ ಗಿಡ ನೆಡುತ್ತೇವೆ, ಊರಿನವರೇ ಸ್ವಯಂಸೇವಕರಾಗಬೇಕು ಎಂದು ಅವರು ಸ್ವಾಮಿಯ ಕಟ್ಟೆಯ ಮೇಲೆ ಕುಳಿತು ಹೇಳಿದಾಗ, ಮೊದಲು ಕೈಮುಗಿದವನು ನಾನೇ. ಹೇಗೆ ಕಟ್ಟಬೇಕೆಂಬುದನ್ನು ಅವರು, ಮಾನ್ಯರಾದ ತಮ್ಮ ಶೀತದೇಶದಲ್ಲಿ ಸಾಲ್ಮನ್ ಕುಲದ ಸುಖಕ್ಕಾಗಿ ಬರೆದ ಪುಸ್ತಕದಿಂದಲೇ ಎತ್ತಿಕೊಂಡರು ಎಂಬುದು ಆಮೇಲೆ ತಿಳಿಯಿತು. ವೇದವನ್ನಾದರೂ ನಮ್ಮವರು ಅಲ್ಲೊಂದು ಇಲ್ಲೊಂದು ಸ್ವರ ತಪ್ಪಿ ಹೇಳಿಯಾರು. ಆ ಪುಸ್ತಕದ ಒಂದು ವಾಕ್ಯವೂ ತಪ್ಪಲಿಲ್ಲ.

ನಮ್ಮ ಹಳ್ಳದಲ್ಲಿ ದೇವಸ್ಥಾನದ ಹಿಂದೆ ಒಂದು ಮಡುವಿದೆ. ಅಲ್ಲಿರುವ ಪಕ್ಕೆ, ಗಿರ್ಲು, ಕೊರವ ಮೀನುಗಳು ಸ್ವಾಮಿಗೆ ಸೇರಿದವು. ಮೀನು ತಿನ್ನುವವರೂ ಆ ಮಡುವಿಗೆ ಬಲೆ ಬೀಸುವುದಿಲ್ಲ. ಸೋಮವಾರದ ಪೂಜೆಯಾದ ಮೇಲೆ ಪುರಿ ಎರಚಿ, ಅವು ಬಾಯಿ ಹಾಕಿದ ಮೇಲೆಯೇ ನಾವು ಪ್ರಸಾದ ಮುಟ್ಟುವುದು. ರೋಹಿಣಿ ಮಳೆಗೆ ಹಳ್ಳ ಕದಡಿದೊಡನೆ ಅವು ಮಡು ಬಿಟ್ಟು ಮೇಲಕ್ಕೆ ಹೋಗಿ, ದಂಡೆಯ ಲಕ್ಕಿಗಿಡದ ಬೇರು, ಜೊಂಡುಗಳ ನಡುವೆ ಮೊಟ್ಟೆಯಿಟ್ಟು ಬರುತ್ತವೆ. ಇವೂ ಹುಟ್ಟಿದ ಜಾಗಕ್ಕೇ ಹೋಗುವಂಥವು. ಆದರೆ ನೆಗೆಯುವುದಿಲ್ಲವಾದ್ದರಿಂದ ಇವುಗಳ ಚಿತ್ರವನ್ನು ಯಾರೂ ಬರೆಸಲಿಲ್ಲ.

ಶ್ರಮದಾನದ ದಿನ ಊರಿಗೆ ಊರೇ ಹಸಿರು ಅಂಗಿ ತೊಟ್ಟು ನಿಂತಿತು. ಉಪ್ಪಿಟ್ಟು ತಿಂದವರು ಮೊದಲು ದಂಡೆಯನ್ನು ಶುದ್ಧಿ ಮಾಡಿದರು. ಎಂದರೆ, ಲಕ್ಕಿ, ಜೊಂಡು, ಗರಿಕೆಗಳನ್ನು ಕಳೆಯೆಂದು ಬುಡಸಮೇತ ಕಿತ್ತು ಬೆಂಕಿಗಿಟ್ಟರು. ಆಮೇಲೆ ನರ್ಸರಿಯ ಗಾಡಿ ಬಂತು. ಅದರಿಂದ ಒಂದೊಂದೇ ಪ್ಲಾಸ್ಟಿಕ್ ಚೀಲದಲ್ಲಿ, ಕೊರಳಿಗೆ ಚೀಟಿ ಕಟ್ಟಿಕೊಂಡು, ಮದುವಣಗಿತ್ತಿಯರಂತೆ ಇಳಿದು ಬಂದವು ಲಕ್ಕಿಗಿಡಗಳು. ಹೊಗೆಯಾಡುತ್ತಿದ್ದ ಬೂದಿಯ ಪಕ್ಕದಲ್ಲೇ ಅವನ್ನು ನೆಟ್ಟು ಫೋಟೋ ತೆಗೆಸಿಕೊಂಡರು. ಬೇರು ನೀರಿಗೆ ಇಳಿಯಲು ಇನ್ನೆಷ್ಟು ಮಳೆಗಾಲ ಬೇಕೋ, ಮೀನುಗಳು ಅಲ್ಲಿಯವರೆಗೆ ಬಸುರನ್ನು ತಡೆದುಕೊಂಡಿರಬೇಕು.

ಅಷ್ಟಕ್ಕೇ ನಿಂತಿದ್ದರೆ ತಮಗೆ ತೊಂದರೆ ಕೊಡುತ್ತಿರಲಿಲ್ಲ. ತಮ್ಮಂಥವರು ಮರೆಯಾಗಿ ವಿಶ್ರಮಿಸಿಕೊಳ್ಳಲು ನೀರಿನಲ್ಲಿ ಮರದ ದಿಮ್ಮಿಗಳನ್ನು ಕೆಡವಬೇಕೆಂದು ಪುಸ್ತಕದಲ್ಲಿತ್ತಂತೆ. ತೋಟದ ಬುಡಕ್ಕೆ, ಬಚ್ಚಲ ಒಲೆಗೆ, ಕೆಸರಿನ ದಾರಿಗೆ, ಎಲ್ಲದಕ್ಕೂ ತೆಂಗಿನ ಸಿಪ್ಪೆಯನ್ನೇ ಹಾಕುವ ನಾವು, ಮೀನಿಗೆ ಮಾತ್ರ ದಿಮ್ಮಿ ಹುಡುಕಿ ತಂದು ಹಾಕುತ್ತೇವೆಯೇ? ಕೊಬ್ಬರಿ ವರ್ತಕರಾದ ವೀರಭದ್ರಯ್ಯನವರು ಧರ್ಮಬುದ್ಧಿಯಿಂದ ಮುಂದೆ ಬಂದು, "ನಮ್ಮ ಗೋಡೌನ್ ಮುಂದೆ ಗುಡ್ಡೆ ಬಿದ್ದೈತೆ, ಹೊತ್ಕೊಂಡ್ ಹೋಗ್ರಪ್ಪ, ದೇವರ ಮೀನಿಗೆ ತಾನೆ" ಎಂದರು. ಟ್ರ್ಯಾಕ್ಟರುಗಟ್ಟಲೆ ಸಿಪ್ಪೆ ಮಡುವಿಗೆ ಬಿತ್ತು. ಅವರ ಗೋಡೌನಿನ ಮುಂದಿನ ಜಾಗ ಈಗ ಕನ್ನಡಿಯಂತಿದೆ. ಪ್ರತಿಷ್ಠಾನದವರು ಅವರಿಗೆ ಶಾಲು ಹೊದಿಸಿದ್ದಾರೆ.

ಸಿಪ್ಪೆ ಕೊಳೆಯಿತು. ಮಡುವಿನ ನೀರು ಮೊದಲು ಚಹಾದ ಬಣ್ಣಕ್ಕೆ, ಆಮೇಲೆ ಕಷಾಯದ ಬಣ್ಣಕ್ಕೆ ತಿರುಗಿ ನಾರತೊಡಗಿತು. ಕಳೆದ ಸೋಮವಾರ ನಾನು ಪುರಿ ಎರಚಿದರೆ ಮೀನುಗಳು ಮೇಲೆ ಬಂದು ಬಾಯಿ ತೆರೆದವೇ ಹೊರತು ಒಂದೂ ಪುರಿಗೆ ಬಾಯಿ ಹಾಕಲಿಲ್ಲ. ದೇವಸ್ಥಾನದ ಅಂಗಳ ಗುಡಿಸುವ ಲಕ್ಷ್ಮಕ್ಕ ನೀರನ್ನೇ ನೋಡುತ್ತಿದ್ದವಳು, "ಅಯ್ನೋರೆ, ಅವು ಪುರಿಗಲ್ಲ ಬಾಯ್ ಬುಡ್ತಿರೋದು, ಉಸುರಿಗೆ ಕಣ್ರೀ" ಎಂದು ಸೆರಗು ಕಟ್ಟಿ ಇಳಿದೇಬಿಟ್ಟಳು. ಸತ್ತವನ್ನು ದಂಡೆಗೆ ಹಾಕಿ, ಬದುಕಿದ್ದವನ್ನು ಕೊಡದಲ್ಲಿ ಹೊತ್ತು ತಂದು ಅಭಿಷೇಕದ ನೀರಿನ ತೊಟ್ಟಿಗೆ ಬಿಟ್ಟಳು. ಈಗ ಸ್ವಾಮಿಗೆ ಅಭಿಷೇಕದ ನೀರು ನನ್ನ ಮನೆಯ ಬಾವಿಯಿಂದ ಬರುತ್ತಿದೆ. ತನ್ನ ಸ್ನಾನಕ್ಕೆ ಪರರ ಮನೆಯ ನೀರಿಗಾಗಿ ಕಾಯಲು ಸ್ವಾಮಿಗೆ ಬೇಸರವಿಲ್ಲ. ಆದರೆ ರೋಹಿಣಿ ಮಳೆ ಬಿದ್ದು, ಮೀನು ಹೊರಡುವ ಹೊತ್ತಿಗೆ ಮಡು ತಿಳಿಯಾಗದಿದ್ದರೆ, ಈ ವರ್ಷದ ಮೊಟ್ಟೆ ತೊಟ್ಟಿಯ ಪಾಚಿಯ ಪಾಲು, ಮುಂದಿನ ವರ್ಷದ ಪುರಿ ಬರಿಯ ನೀರಿನ ಪಾಲು.

ಈ ಸಂಗತಿಯನ್ನು ಪ್ರತಿಷ್ಠಾನದ ಮೇಲ್ವಿಚಾರಕಿ ಗಾನವಿಯವರಿಗೆ ಫೋನಿನಲ್ಲಿ ನಿವೇದಿಸಿದೆ. ಆ ಹೆಣ್ಣುಮಗಳು ಬಹಳ ಸೌಜನ್ಯದಿಂದ, "ಇದು ಮೀನಿಗೋಸ್ಕರಾನೇ ಮಾಡಿರೋ ಪ್ರಾಜೆಕ್ಟ್ ಸಾರ್, ಮೀನಿಗೆ ಹೆಂಗೆ ತೊಂದ್ರೆ ಆಗತ್ತೆ?" ಎಂದು ಕೇಳಿದರು. ಮೀನಿನ ಪರವಾಗಿ ಮನುಷ್ಯ ಮಾತಾಡಿದರೆ ನಡೆಯದೆಂದು ಅರಿತು, ಯಾವ ಮೀನಿಗೋಸ್ಕರ ಇದೆಲ್ಲ ನಡೆಯಿತೋ ಆ ಮೀನಿಗೇ ಬರೆಯುತ್ತಿದ್ದೇನೆ.

ಆದ್ದರಿಂದ ಪ್ರಾರ್ಥನೆ. ತಾವು ಕೂಡಲೇ ಹೊರಟು, ಪೂರ್ವಸಮುದ್ರದಿಂದ ಕೃಷ್ಣೆಗೆ, ಕೃಷ್ಣೆಯಿಂದ ತುಂಗಭದ್ರೆಗೆ, ಅಲ್ಲಿಂದ ವೇದಾವತಿಗೆ ಏರಿ, ನೀರಿಲ್ಲದ ಕಡೆ ಮರಳಿನ ಮೇಲೆ ಈಜಿ, ಬೋರನಕಣಿವೆಯ ಕಟ್ಟೆಯನ್ನು ಚಿತ್ರದಲ್ಲಿರುವಂತೆಯೇ ಒಂದೇ ನೆಗೆತಕ್ಕೆ ಹಾರಿ ನಮ್ಮ ಹಳ್ಳಕ್ಕೆ ದಯಮಾಡಿಸಬೇಕು. ತಮಗಾಗಿ ಸಿದ್ಧಪಡಿಸಿರುವ ಸಿಪ್ಪೆಯ ಅರಮನೆಯಲ್ಲಿ ಒಂದು ಹೊತ್ತು ಉಸಿರಾಡಿ ತೋರಿಸಿ, ಶಾಲು ಹೊದ್ದವರ ಸಮ್ಮುಖದಲ್ಲಿ ತಮ್ಮ ಅಭಿಪ್ರಾಯ ತಿಳಿಸಬೇಕು. ಶೀತಕ್ಕೆ ಒಗ್ಗಿದ ದೇಹವೆಂದು ಅಂಜಬೇಡಿ. ಐಸ್ ಕ್ಯಾಂಡಿ ಮಾರುವ ಮಾಯಣ್ಣನಿಗೆ ಈಗಾಗಲೇ ಹೇಳಿಟ್ಟಿದ್ದೇನೆ.

ಇತಿ ತಮ್ಮ ವಿಶ್ವಾಸಿ,
ತೋಂಟದಾರ್ಯ

ವಿ.ಸೂ.: ತಮ್ಮ ಪ್ರಯಾಣ ತಡವಾಗಬಹುದೆಂದು ಬರುವ ಸೋಮವಾರ ಬೆಳಿಗ್ಗೆ ಲಕ್ಷ್ಮಕ್ಕನೂ ನಾನೂ ಮಡುವಿನಿಂದ ಸಿಪ್ಪೆ ಎತ್ತಲು ಇಳಿಯುತ್ತಿದ್ದೇವೆ. ಹಸಿರು ಅಂಗಿಯಿಲ್ಲ, ಉಪ್ಪಿಟ್ಟಿಲ್ಲ, ಫೋಟೋ ಇಲ್ಲ ಎಂದು ಸಾರಿದ ಮೇಲೂ ಬರುವೆವೆಂದವರು ಕೆಲವರಿದ್ದಾರೆ. ಕೊಳೆತ ಸಿಪ್ಪೆಯನ್ನು ದಂಡೆಗೆ ಎಳೆಯಲು ಅಗಲವಾದ ತಗಡೊಂದು ಬೇಕಾಗಿ ಊರೆಲ್ಲ ಹುಡುಕಿದೆವು. ತಾವು ನೆಲೆಸಿರುವ ಹಲಗೆಯಷ್ಟು ಗಟ್ಟಿಯಾದದ್ದು ಸಿಗಲಿಲ್ಲ. ಆ ದಿನ ಮುಖ ಅಡಿಯಾಗಿ ಮಲಗಬೇಕಾದೀತು, ಮನ್ನಿಸಬೇಕು. ಈ ಹಳ್ಳದ ಮೀನಿಗೆ ತಮ್ಮಿಂದಾಗುವ ಮೊದಲ ಉಪಕಾರ ಅದು. ಪುಸ್ತಕ ಬರೆದವರಿಗೂ, ಓದಿದವರಿಗೂ, ಸಿಪ್ಪೆ ಕೊಟ್ಟವರಿಗೂ, ಹೊತ್ತವರಿಗೂ, ಮತ್ತೆ ಹೊರಲಿರುವವರಿಗೂ, ತೊಟ್ಟಿಯಲ್ಲಿ ಮಳೆಗೆ ಕಾದಿರುವವರಿಗೂ ಮಲ್ಲೇಶ್ವರಸ್ವಾಮಿಯು ತಿಳಿನೀರನ್ನೂ, ತುಂಬ ಉಸಿರನ್ನೂ ಕರುಣಿಸಲಿ.