ದೇವರ ಕೂದಲಿಗೆ ಕಂಡೀಷನರ್

ಈ ಪ್ರಸಂಗವನ್ನು ಆಗಲೇ ಡೈರಿಯಲ್ಲಿ ಬರೆದಿಡಬೇಕಿತ್ತು. ಆ ವಾರದ ಹಾಳೆಗಳು ಖಾಲಿ ಇವೆ. ಗಾಬರಿಯಾದವರು ಡೈರಿ ಬರೆಯುವುದಿಲ್ಲ! ಹಾಗಾಗಿ ಕೆಲವು ವಿವರಗಳು ತಪ್ಪಿರಬಹುದು. ತೊಂಬತ್ತೇಳೋ ತೊಂಬತ್ತೆಂಟೋ ಖಚಿತವಿಲ್ಲ. ಕಂಡೀಷನರ್ ಬಾಟಲಿ ಗುಲಾಬಿ ಬಣ್ಣದ್ದೆಂದು ನನ್ನ ನೆನಪು, ನೀಲಿಯೆಂದು ಯಜಮಾನರ ವಾದ. ಅತ್ತೆಯವರು ಕಿರುಚಿದ ವಿಷಯದಲ್ಲಿ ಮಾತ್ರ ನಮ್ಮಿಬ್ಬರಿಗೂ ಭಿನ್ನಾಭಿಪ್ರಾಯವಿಲ್ಲ.

ಆಗ ನಾವು ತಿ. ನರಸೀಪುರದಲ್ಲಿದ್ದೆವು. ನಾನು ಎಂ.ಎಸ್ಸಿ. ಕೆಮಿಸ್ಟ್ರಿ ಮುಗಿಸಿ ಆ ಮನೆಗೆ ಸೊಸೆಯಾಗಿ ಬಂದು ಎರಡು ವರ್ಷವಾಗಿತ್ತು. ಹಿಂದಿನ ವರ್ಷ ಯಜಮಾನರಿಗೆ ಗದ್ದೆಯ ಬದುವಿನಲ್ಲಿ ಹಾವು ಕಚ್ಚಿತ್ತು. ಅವರು ಉಳಿದದ್ದು ಮೈಸೂರಿನ ಆಸ್ಪತ್ರೆಯ ಇಂಜೆಕ್ಷನ್ನಿನಿಂದ ಎಂದು ನಾನು, ನಂಜುಂಡೇಶ್ವರನಿಂದ ಎಂದು ಅತ್ತೆ. ಮಗ ಎದ್ದು ಕೂತರೆ ನಂಜನಗೂಡಿಗೆ ಬಂದು ಮುಡಿ ಕೊಡುತ್ತೇನೆಂದು ಅವರು ಆಸ್ಪತ್ರೆಯ ಮೆಟ್ಟಿಲ ಮೇಲೆ ಹರಕೆ ಹೊತ್ತಿದ್ದರು. ಅಂದಿನಿಂದ ಅವರ ತಲೆಗೂದಲು ಅವರದಲ್ಲ, ದೇವರದು. ಬಾಚಣಿಗೆಗೆ ಸಿಕ್ಕಿ ಬಂದ ಎಳೆಯನ್ನೂ ಎಸೆಯದೆ ಸುರುಳಿ ಸುತ್ತಿ ಡಬ್ಬಿಗೆ ಹಾಕುತ್ತಿದ್ದರು. ಕೊನೆಕೊನೆಗೆ ಬಾಚುವುದನ್ನೇ ಬಿಟ್ಟರು.

ಸೋಮವಾರ ಮುಡಿ ಕೊಡುವುದೆಂದು ನಿಶ್ಚಯವಾಯಿತು. ಭಾನುವಾರ ಬೆಳಿಗ್ಗೆ ಅತ್ತೆ ತಲೆಗೆ ಹರಳೆಣ್ಣೆ ತಟ್ಟಿಕೊಂಡು ಸಪ್ಪಗೆ ಕೂತಿದ್ದರು.

"ಕೂದ್ಲೆಲ್ಲ ಗಂಟಾಗೋಗದೆ ಕಣವ್ವ. ನಾಳೆ ಕತ್ತಿ ಎಳುದ್ರೆ ಸಿಕ್ಕಾಕ್ಕೊಂಡು ರಕ್ತ ಬತ್ತದೇನೋ. ಎದೆ ಡವಡವ ಅಂತದೆ."

"ಹೆದರಬೇಡಿ ಅತ್ತೆ, ನಾನಿದ್ದೀನಿ!" ಎಂದೆ.

ಯಜಮಾನರು ನನಗೆಂದು ಮೈಸೂರಿನಿಂದ ಕಂಡೀಷನರ್ ತಂದಿದ್ದರು. ಅದನ್ನು ಹಿಡಿದು ಬಚ್ಚಲುಮನೆಯ ಬಾಗಿಲಲ್ಲೇ ಉಪನ್ಯಾಸ ಆರಂಭಿಸಿದೆ. "ನೋಡಿ ಅತ್ತೆ, ಒದ್ದೆ ಕೂದಲಿನ ಚಾರ್ಜು ಮೈನಸ್. ಇದರಲ್ಲಿರುವ ಅಣುವಿಗೆ ಒಂದು ತಲೆ, ಒಂದು ಬಾಲ. ತಲೆ ಪ್ಲಸ್, ಹೋಗಿ ಕೂದಲಿಗೆ ಅಂಟಿಕೊಳ್ಳುತ್ತೆ. ಬಾಲ ಎಣ್ಣೆ ಥರ, ಹೊರಗೆ ಉಳಿದು ಕೂದಲನ್ನ ನುಣುಪು ಮಾಡುತ್ತೆ. ಗಂಟು ತಾನಾಗೇ ಬಿಡುತ್ತೆ."

"ಬಾಲ ಇರಾದ್ನ ತಲೆಗ್ ಆಕ್ಕಬೋದಾ?" ಅತ್ತೆ ಹಿಂದೆ ಸರಿದರು. "ಸೀಗೆಪುಡಿ ಸಾಕು ಬುಡವ್ವ."

"ನಾನು ಇದನ್ನೇ ಓದಿರೋದು ಅತ್ತೆ!"

ಅವರು ಮರುಮಾತಾಡದೆ ಮಣೆಯ ಮೇಲೆ ಕೂತರು.

ಮೊದಲು ಶಾಂಪೂ ಹಾಕಿ, ಚೆನ್ನಾಗಿ ತೊಳೆದು, ಆಮೇಲೆ ಇದನ್ನು ಹಚ್ಚಬೇಕೆಂದು ಬಾಟಲಿಯ ಹಿಂದೆ ಬರೆದಿತ್ತು. ಎರಡು ಸಲ ತೊಳೆಯುವಷ್ಟು ಬಿಸಿನೀರು ಹಂಡೆಯಲ್ಲಿರಲಿಲ್ಲ. ಬಾಟಲಿಯವರಿಗೆ ನಮ್ಮ ಹಂಡೆಯ ಅಳತೆ ಏನು ಗೊತ್ತು? ಶಾಂಪೂ, ಕಂಡೀಷನರ್ ಎರಡನ್ನೂ ಒಂದೇ ಚೊಂಬಿಗೆ ಸುರಿದು ಕಲಕಿದೆ.

ಶಾಂಪೂ ಮೈನಸ್ ಎಂದು ಪರೀಕ್ಷೆಯಲ್ಲಿ ಬರೆದು ಅಂಕ ಪಡೆದವಳು ನಾನು. ಪ್ಲಸ್ಸು ಮೈನಸ್ಸು ಚೊಂಬಿನಲ್ಲೇ ಭೇಟಿಯಾದರೆ ಅವು ಒಂದಕ್ಕೊಂದು ಅಂಟಿಕೊಂಡು ಕೂತುಬಿಡುತ್ತವೆ ಎಂಬುದು ಹೊಳೆಯಲಿಲ್ಲ. ಚೊಂಬಿನೊಳಗೆ ಒಡೆದ ಹಾಲಿನಂತೆ ಬಿಳಿ ಗಂಟುಗಳೆದ್ದವು. ಕರಗುತ್ತವೆ ಎಂದುಕೊಂಡು ಅತ್ತೆಯ ತಲೆಗೆ ಸುರಿದೆ. ಅದು ಹರಳೆಣ್ಣೆಯೊಂದಿಗೆ ಸೇರಿ ಹಲಸಿನ ಹಣ್ಣಿನ ಮೇಣದಂತಾಯಿತು. ಬಾಟಲಿಯಲ್ಲಿ ಉಳಿದ ಕಂಡೀಷನರನ್ನೂ ಸುರಿದೆ. ಇನ್ನೂ ಗಟ್ಟಿಯಾಯಿತು!

ಅತ್ತೆ ತಲೆ ಮುಟ್ಟಿ ನೋಡಿಕೊಂಡರು. ಬೆರಳು ಅಲ್ಲೇ ಉಳಿಯಿತು. ಎಳೆದರು. ಬೆರಳಿನ ಜೊತೆ ಒಂದು ಹಿಡಿ ಕೂದಲೂ ಬಂತು.

"ಅಯ್ಯೋ ನಂಜುಂಡಪ್ಪೋ! ನಿನ್ ಕೂದ್ಲು ಓಯ್ತಲ್ಲಪ್ಪೋ!"

ಪಕ್ಕದ ಮನೆಯ ಸಾಕಮ್ಮ ಗೋಡೆಯಾಚೆಯಿಂದ ಇಣುಕಿದವರು ಬಾಯಿಗೆ ಸೆರಗು ಹಿಡಿದರು. "ದೇವ್ರ್ ವಸ್ತು ಕೆಡುಸ್ಬುಟ್ಯಲ್ಲವ್ವ! ಮುಡಿ ಸಲ್ದೆ ಓದ್ರೆ ಇಳ್ದಿರ ನಂಜು ಮತ್ತೆ ಏರ್ತದಂತೆ."

ನಾನು ಗಟ್ಟಿಯಾಗಿ ನಕ್ಕೆ. ಬೇರೆ ಯಾರೂ ನಗಲಿಲ್ಲ. ನನ್ನ ನಗುವೂ ಅರ್ಧಕ್ಕೆ ನಿಂತಿತು. ಆಮೇಲೆ ಬಚ್ಚಲ ಮೋರಿಯ ಬಳಿ ಕುಕ್ಕರುಗಾಲಲ್ಲಿ ಕೂತು, ದೇವರ ಕೂದಲನ್ನು ಒಂದೊಂದೇ ಎಳೆಯಾಗಿ ಆರಿಸತೊಡಗಿದೆ. ಸ್ನಾತಕೋತ್ತರ ಪದವೀಧರೆ!

ಯಜಮಾನರು ಊಟದ ಹೊತ್ತಿಗೆ ಬಂದು ಒಮ್ಮೆ ಸೀನಿದರು. ನನ್ನ ಕೈಯಿಂದ ಸೌಟು ಬಿತ್ತು.

"ಏನ್ರೀ, ಸ್ವಲ್ಪ ಕಾಲು ತೋರಿಸಿ."

"ಯಾಕೇ?"

"ಸುಮ್ನೆ."

ಹಾವು ಕಚ್ಚಿದ್ದ ಜಾಗ ಕೆಂಪಗಿದ್ದಂತೆ ಕಂಡಿತು. ನಿಜವಾಗಿ ಕೆಂಪಗಿತ್ತೋ, ನಾನೇ ಉಜ್ಜಿ ಉಜ್ಜಿ ಕೆಂಪಾಯಿತೋ ಈಗ ಹೇಳಲಾರೆ. ಸಂಜೆ ಅವರು ಪೇಪರನ್ನು ಕಣ್ಣಿನ ಹತ್ತಿರ ಹಿಡಿದು ಓದುವುದನ್ನು ಕಂಡು ಜೀವ ಬಾಯಿಗೆ ಬಂತು.

"ಕಣ್ಣು ಮಂಜಾಗ್ತಿದೆಯೇನ್ರೀ?"

"ನೀನು ದೀಪ ಹಾಕಿಲ್ಲ ಕಣೇ!"

ಮರುದಿನ ಮೂವರೂ ನಂಜನಗೂಡಿನ ಬಸ್ಸು ಹತ್ತಿದೆವು. ಅತ್ತೆಯ ತಲೆಗೆ ಟವೆಲ್ಲು, ತುಟಿಗೆ ಬೀಗ. ಯಜಮಾನರು ಕಿಟಕಿಗೆ ಒರಗಿ ನಿದ್ದೆ ಹೋದರು. ಎಷ್ಟು ಹೊತ್ತಾದರೂ ಅಲುಗಾಡಲಿಲ್ಲ. ಮೂಗಿನ ಬಳಿ ಬೆರಳು ಹಿಡಿದು ನೋಡಿದೆ.

ಕಂಡಕ್ಟರ್ ಬಗ್ಗಿ ಕೇಳಿದ, "ಏನಕ್ಕಾ, ಉಸ್ರು ಅದಾ?"

"ಇದೆ."

"ಅಂಗಾದ್ರೆ ಮೂರ್ ಟಿಕೆಟ್ ತಗಳಿ."

ಕಪಿಲಾ ನದಿಯ ದಂಡೆಯಲ್ಲಿ ಮುಡಿ ತೆಗೆಯುವವನು ಟವೆಲ್ಲು ಬಿಚ್ಚಿ, ಕತ್ತಿ ಇಟ್ಟು ಒಂದು ಸಲ ಎಳೆದ. ಕತ್ತಿ ನಿಂತುಬಿಟ್ಟಿತು. ಅತ್ತೆ ಕಣ್ಣು ಮುಚ್ಚಿ ನನ್ನ ಕೈ ಹಿಡಿದರು.

"ಇದೇನವ್ವ, ಮೇಣ ಮೆತ್ಕೊಂಡ್ ಬಂದಿದ್ದೀರಿ? ಯಾರ್ ಮಾಡಿದ್ದು ಈ ಕೆಲ್ಸವ?"

ನಾನು ನದಿಯ ಕಡೆ ನೋಡಿದೆ.

"ನಾನೇ ಕಣಪ್ಪ," ಎಂದರು ಅತ್ತೆ. "ಯಾವುದ್ಕೋ ಯಾವುದ್ನೋ ಬೆರುಸ್ಬುಟ್ಟೆ. ಈಗ ದೇವ್ರು ಒಲ್ಲೆ ಅಂದಾನಾ?"

"ದೇವ್ರ್ ವಿಸ್ಯ ಆಮೇಲೆ. ಮೊದ್ಲು ಶಾಂಪೂ ಪಾಕೀಟ್ ತರ್ಸಿ, ಬಿಸ್ನೀರ್ ಕೊಡುಸ್ತೀನಿ. ಬರೀ ಶಾಂಪೂ! ಇನ್ನೇನೂ ಬೆರುಸ್ಬ್ಯಾಡಿ."

ಓಡಿಹೋಗಿ ಅಂಗಡಿಯ ಮುಂದೆ ತೂಗುತ್ತಿದ್ದ ಪಾಕೀಟುಗಳ ಸರವನ್ನೇ ತಂದೆ. ಮೂರು ಸಲ ತೊಳೆಯುವಷ್ಟರಲ್ಲಿ ಮೇಣವೆಲ್ಲ ಕರಗಿ ಕಪಿಲೆಯ ಕಡೆ ಹರಿಯಿತು. ಕತ್ತಿ ಸರಾಗವಾಗಿ ಓಡಿತು. ಒಂದು ಹನಿ ರಕ್ತವೂ ಬರಲಿಲ್ಲ. ಮೋರಿಯಿಂದ ಆರಿಸಿದ ಎಳೆಗಳನ್ನೂ ಆ ರಾಶಿಗೆ ಸೇರಿಸಿದೆ.

ಮನೆಗೆ ಬಂದವಳೇ ನನ್ನ ಹಳೆಯ ಪಠ್ಯಪುಸ್ತಕ ತೆರೆದೆ. ಶಾಂಪೂವಿನ ಅಂಶ ಹೆಚ್ಚಾದರೆ ಆ ಬಿಳಿ ಗಂಟು ಮತ್ತೆ ಕರಗುತ್ತದೆಂದು ಸ್ಪಷ್ಟವಾಗಿ ಬರೆದಿತ್ತು. ಆ ಸಾಲಿನ ಕೆಳಗೆ ಪೆನ್ಸಿಲಿನಲ್ಲಿ ಗೆರೆ ಎಳೆದಿದ್ದವಳು ನಾನೇ!

ಯಜಮಾನರು ಗಟ್ಟಿಮುಟ್ಟಾಗಿದ್ದಾರೆ. ಅವರು ಕೆಮ್ಮಿದಾಗ ನನ್ನ ಕಣ್ಣು ಈಗಲೂ ಅವರ ಕಾಲಿನ ಕಡೆ ಹೋಗುತ್ತದೆ. ಇದನ್ನು ವಿಜ್ಞಾನದ ಯಾವ ಶಾಖೆಗೆ ಸೇರಿಸುವುದೋ ತಿಳಿಯದು.

ಮೊನ್ನೆ ಅವರೆಕಾಯಿ ಸುಲಿಯುತ್ತಾ ಧೈರ್ಯ ಮಾಡಿ ಅತ್ತೆಯನ್ನು ಒಂದು ಮಾತು ಕೇಳಿದೆ. ಅವರು ನನ್ನ ಮುಖ ನೋಡಿದರು, ಮೊರ ಎತ್ತಿಕೊಂಡು ಒಳಗೆ ಹೋದರು. ನಾನು ಕೇಳಿದ್ದು ಇಷ್ಟೇ:

"ಅತ್ತೆ, ಅವತ್ತು ಮಾತಾಡದೆ ನನ್ನ ಚೊಂಬಿಗೆ ತಲೆ ಒಡ್ಡಿದಿರಲ್ಲ, ನನ್ನ ಮೇಲಿನ ನಂಬಿಕೆಯಿಂದಲಾ, ಇಲ್ಲಾ ಓದಿದ ಸೊಸೆ ಅನ್ನೋ ಹೆದರಿಕೆಯಿಂದಲಾ?"