ಕಣ್ಣು ತೆರೆದ ಎಣ್ಣೆ

ಉಮರ್ಗಾದಲ್ಲಿ ಮೂವತ್ತು ವರ್ಷ ಟಿವಿ ರಿಪೇರಿ ಮಾಡಿದ ನನಗೆ ಕರೆಂಟಿನ ಹೆದರಿಕೆ ಎಂಬುದು ಇರಲಿಲ್ಲ. ಆದ್ದರಿಂದ ಮಗಳು ಶೈಲಾಳನ್ನು ನೋಡಲು ಉದಗೀರದಿಂದ ಬರುವ ವರ ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುತ್ತಾನೆಂದು ತಿಳಿದಾಗ, ಅವಲಕ್ಕಿ ಚಹಾದ ಜೊತೆ ಸ್ವಲ್ಪ ವಿಜ್ಞಾನವನ್ನೂ ಬಡಿಸಲು ನಿಶ್ಚಯಿಸಿದೆ.

“ಸುಮ್ನ ಕುಂದರ್ರಿ. ಅವರು ಹೆಣ್ಣು ನೋಡ್ಲಕ್ಕ ಬರ್ಲಕತ್ಯಾರ, ತಮಾಶಾ ನೋಡ್ಲಕ್ಕಲ್ಲ,” ಎಂದಳು ಹೆಂಡತಿ ಮಹಾದೇವಿ.

ನಾನು ಸುಮ್ಮನೆ ಕೂರಲಿಲ್ಲ. ಸ್ಟೀಲ್ ತಟ್ಟೆಗೆ ಕುಸುಬಿ ಎಣ್ಣೆ ಸುರಿದು, ಅದಕ್ಕೆ ತಾಗದಂತೆ ಮೇಲೊಂದು ಸೂಜಿ ನಿಲ್ಲಿಸಿ, ಹಳೆ ಟಿವಿಯ ಹೈವೋಲ್ಟೇಜ್ ತಂತಿ ಜೋಡಿಸಿಟ್ಟೆ.

ವರ, ಅವನ ತಂದೆ, ಅಜ್ಜಿ ಬಂದು ಕೂತು ಚಹಾ ಮುಗಿಸಿದರು. ಕಿಟಕಿ ಮುಚ್ಚಿ ಸ್ವಿಚ್ ಒತ್ತಿದೆ. ಸೂಜಿಯ ತುದಿಯಲ್ಲಿ ನೇರಳೆ ಬೆಳಕು ಮೂಡಿ, ಹಾವಿನಂತೆ ಬುಸುಗುಟ್ಟತೊಡಗಿತು.

“ಇದು ಪ್ಲಾಸ್ಮಾ ನೋಡ್ರಿ. ಗಾಳಿ ಒಡದು, ಅದರ ಚಾರ್ಜ್ ಎಣ್ಣಿ ಮ್ಯಾಲ ಬಂದು ಕುಂದರ್ತದ. ಎಣ್ಣಿ ಅದನ್ನ ಲಗೂ ತಳಕ್ಕ ಬಿಡಂಗಿಲ್ಲ.”

ಎಣ್ಣೆ ಮೊದಲು ನಡುಗಿತು. ಆಮೇಲೆ ಯಾರೂ ಮುಟ್ಟದೆ ಅದರಲ್ಲಿ ಒಂದು ಕುಳಿ ಬಿತ್ತು. ಒಂದು ಹತ್ತಾಗಿ, ತಟ್ಟೆ ತುಂಬ ಜೇನುಗೂಡಿನಂಥ ಕಣ್ಣುಗಳು ತೆರೆದುಕೊಂಡು ಹರಿದಾಡಿದವು. ನನ್ನ ಮುಂಗೈ ಕೂದಲು ನೆಟ್ಟಗಾಯಿತು.

“ಯಪ್ಪಾ, ಅದು ನನ್ನ ಕಡಿನೇ ನೋಡ್ಲಕತ್ತದ,” ಎಂದರು ವರನ ಅಜ್ಜಿ, ಮೆಲ್ಲಗೆ.

ಸ್ವಿಚ್ ಆರಿಸಿದೆ. ಆದರೂ ಕಣ್ಣುಗಳು ಮುಚ್ಚಲಿಲ್ಲ. ನಿಜ ಹೇಳಬೇಕೆಂದರೆ, ನನಗೂ ಹೆದರಿಕೆಯಾಯಿತು. ಆದರೆ ಮೂವತ್ತು ವರ್ಷದ ಅನುಭವಿಗೆ ಹಾಗೆಂದು ಒಪ್ಪಿಕೊಳ್ಳಲಾದೀತೆ?

“ಕಾಕಾ, ಮುಟ್ಟಬ್ಯಾಡ್ರಿ. ಕೆಪಾಸಿಟರ್‌ದಾಗ ಇನ್ನಾ ಚಾರ್ಜ್ ಅದ,” ಎಂದ ವರ.

“ಏನೂ ಇಲ್ಲ ತಗೋರಿ,” ಎಂದು ತಟ್ಟೆಯ ಮೇಲೆ ಬೆರಳಿಟ್ಟೆ.

ತಟ್ಟೆ ಹಾರಿ ವರನ ತಂದೆಯ ಬಿಳಿ ಧೋತರದ ಮೇಲೆ ಬಿತ್ತು. ನಾನು ಹಾರಿ ಅಜ್ಜಿಯ ಕಾಲ ಮೇಲೆ ಬಿದ್ದೆ. ನಮಸ್ಕಾರವೆಂದು ತಿಳಿದು ಅಜ್ಜಿ ಆಶೀರ್ವಾದ ಮಾಡಿದರು. ಶೈಲಾ ಪ್ಲಗ್ ಕಿತ್ತು ಕಿಟಕಿ ತೆರೆದಳು. ಅವಳೂ ವರನೂ ನೆಲ ಒರೆಸುತ್ತ ಏನೋ ಮಾತಾಡಿಕೊಂಡರು.

ಮೂರು ದಿನ ಮನೆಯಲ್ಲಿ ನನಗೆ ಊಟ ಸಿಕ್ಕಿತು, ಮಾತು ಸಿಗಲಿಲ್ಲ. ನಾಲ್ಕನೆಯ ದಿನ ಉದಗೀರದಿಂದ ಫೋನ್ ಬಂತು. ಮಹಾದೇವಿ, “ಹೌದ್ರೀ, ಖರೇ ಅದ್ರೀ,” ಎನ್ನುತ್ತ ಕೇಳಿ ಕೆಳಗಿಟ್ಟಳು.

“ಹುಡುಗಿ ಪಸಂದ್ ಆಗ್ಯಾಳಂತ.”

“ಮತ್ತ ನಾ?”

“ಮದಿವಿ ದಿನಾ ನಿಮ್ಮನ್ನ ಸ್ವಿಚ್‌ಬೋರ್ಡಿನಿಂದ ದೂರ ಕುಂದ್ರಸ್ರಿ ಅಂದಾರ. ನಾ ಹೂಂ ಅಂದೀನಿ.”

ಮಗಳಿಗೆ ಒಳ್ಳೆಯ ಮನೆ ಸಿಕ್ಕಿತೆಂದು ಊರಿಗೆಲ್ಲ ನಾನೇ ಹೇಳುತ್ತೇನೆ. ಷರತ್ತನ್ನು ಮಹಾದೇವಿ ಹೇಳುತ್ತಾಳೆ.